ಕಾರಿಗೆ ಡಿಐ ನೀರು: ಮೀಟರ್ 0 ತೋರಿಸಿದರೂ ಬಾನೆಟ್ ಮೇಲೆ ಕಲೆ ಉಳಿಯುವುದೇಕೆ?

ಕರಿಬಾನೆಟ್ ಕೇಳಿದ್ದು:

ಕಪ್ಪು ಸೆಡಾನ್, ಕೊಳವೆಬಾವಿ ನೀರು, ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) 420 ಪಿಪಿಎಂ. ಒರೆಸದೆ ಬಿಟ್ಟರೆ ಬಾನೆಟ್ ತುಂಬ ಬಿಳಿ ಉಂಗುರ, ಒರೆಸಿದರೆ ಬಟ್ಟೆಯ ಸಣ್ಣ ಗೀರು. ಹಾಗಾಗಿ ನಲ್ಲಿಗೂ ಪ್ರೆಶರ್ ವಾಶರ್‌ಗೂ ನಡುವೆ 10 ಇಂಚಿನ ಮಾಮೂಲಿ ಫಿಲ್ಟರ್ ಹೌಸಿಂಗ್ ಕೂರಿಸಿ, ಒಳಗೆ ಮಿಕ್ಸೆಡ್ ಬೆಡ್ ಡಿಐ ರೆಸಿನ್ (ನೀರಿನ ಲವಣ ಹಿಡಿದು ಡಿಐ, ಅಂದರೆ ಲವಣ ತೆಗೆದ ನೀರು ಕೊಡುವ, ಎರಡು ಬಗೆ ಬೆರೆಸಿದ ಸಣ್ಣ ಮಣಿಗಳು) ತುಂಬಿದ ಕಾರ್ಟ್ರಿಡ್ಜ್ ಹಾಕಿದೆ. ವಾಶರ್ ನಿಮಿಷಕ್ಕೆ 7 ಲೀಟರ್ ಎಳೆಯುತ್ತದೆ. ಶಾಂಪೂ ತೊಳೆಯುವುದರಿಂದ ಹಿಡಿದು ಕೊನೆಯವರೆಗೂ ಇದೇ ನೀರು.

ನಲ್ಲಿಯನ್ನು ಸಣ್ಣಗೆ ಬಿಟ್ಟು ಲೋಟದಲ್ಲಿ ಹಿಡಿದು ಅಳೆದರೆ ಟಿಡಿಎಸ್ ಮೀಟರ್ 0. ಆದರೂ ಕಾರು ಒಣಗಿದ ಮೇಲೆ ಕಲೆ ಇದ್ದೇ ಇರುತ್ತದೆ. ಬಾಗಿಲ ಹಿಡಿ ಮತ್ತು ಕನ್ನಡಿಗಳ ಕೆಳಗಂತೂ ಉದ್ದಕ್ಕೆ ಗೆರೆ ಇಳಿದಿರುತ್ತದೆ. ರೆಸಿನ್ ಕಳಪೆಯೇ? ಎಷ್ಟು ರೆಸಿನ್ ಬೇಕು? ಸಾಫ್ಟ್‌ನರ್ ಹಾಕಿದರೆ, ಇಲ್ಲವೇ ಅಡುಗೆಮನೆಯ ಆರ್‌ಒ ನೀರನ್ನೇ ಬಳಸಿದರೆ ಸಾಲದೇ?

---

ಹನಿಲೆಕ್ಕ:

ರೆಸಿನ್ ಮೇಲೆ ತಪ್ಪು ಹೊರಿಸಬೇಡಿ. ಅದರ ಕೈಯಲ್ಲಿ ಆಗದ ಕೆಲಸ ಕೊಟ್ಟಿದ್ದೀರಿ.

ಡಿಐ ರೆಸಿನ್‌ಗೆ ಲೀಟರ್ ಲೆಕ್ಕ ಗೊತ್ತಿಲ್ಲ, ಗೊತ್ತಿರುವುದು ಉಪ್ಪಿನ ತೂಕ. ಒಂದು ಲೀಟರ್ ಮಿಕ್ಸೆಡ್ ಬೆಡ್ ರೆಸಿನ್ ಅಂದಾಜು 20ರಿಂದ 27 ಗ್ರಾಂ ಲವಣ ಹಿಡಿದು ಕೈಚೆಲ್ಲುತ್ತದೆ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ). 22 ಎಂದು ಹಿಡಿಯಿರಿ, ಮೋಸವಾಗುವುದಿಲ್ಲ. 10 ಇಂಚಿನ ತೆಳು ಕಾರ್ಟ್ರಿಡ್ಜ್‌ನಲ್ಲಿ ಹಿಡಿಸುವುದು 0.7 ಲೀಟರ್ ರೆಸಿನ್, ಅಂದರೆ 15 ಗ್ರಾಂ ಚಿಲ್ಲರೆ. ನಿಮ್ಮ ನೀರಿನ ಪ್ರತಿ ಲೀಟರಿನಲ್ಲಿ 0.42 ಗ್ರಾಂ ಲವಣ ಇದೆ. ಭಾಗಿಸಿ: 36 ಲೀಟರ್. ನಿಮಿಷಕ್ಕೆ 7 ಲೀಟರ್ ಎಳೆಯುವ ವಾಶರ್‌ಗೆ ಇದು ಐದು ನಿಮಿಷದ ನೀರು. ಶಾಂಪೂ ನೊರೆ ಇಳಿಯುವ ಹೊತ್ತಿಗೇ ನಿಮ್ಮ ಕಾರ್ಟ್ರಿಡ್ಜ್ ಮುಗಿದಿರುತ್ತದೆ. ಕಲೆ ಬೀಳುವುದೋ ಬಿಡುವುದೋ ಎಂದು ತೀರ್ಮಾನವಾಗುವ ಕೊನೆಯ ಹಂತಕ್ಕೆ ಬರುವುದು ಬರೀ ಕೊಳವೆಬಾವಿ ನೀರು.

ಇನ್ನೊಂದು ತೊಂದರೆ ವೇಗದ್ದು. ರೆಸಿನ್ ಮಾಡುವ ಅಯಾನು (ಲವಣದ ವಿದ್ಯುದಂಶವುಳ್ಳ ಕಣ) ವಿನಿಮಯಕ್ಕೆ ಸಮಯ ಬೇಕು. ರೆಸಿನ್‌ನ ಗಾತ್ರದ ಗಂಟೆಗೆ 16ರಿಂದ 40 ಪಟ್ಟು ನೀರು ಹಾಯಿಸುವುದು ವಾಡಿಕೆ. ನೀವು ಹಾಯಿಸುತ್ತಿರುವುದು ಗಂಟೆಗೆ 420 ಲೀಟರ್, ಅಂದರೆ 600 ಪಟ್ಟು. ಮಣಿಗಳ ನಡುವೆ ನೀರು ಓಡಿಹೋಗುತ್ತದೆಯೇ ಹೊರತು ಒಳಗಿನ ತಾಣಗಳಿಗೆ ತಲುಪುವುದಿಲ್ಲ. ನಲ್ಲಿ ಸಣ್ಣಗೆ ಬಿಟ್ಟು ಅಳೆದಾಗ 0 ಬಂದದ್ದೂ ಇದಕ್ಕೇ. ಅಳತೆ ಯಾವಾಗಲೂ ಕೆಲಸದ ಹರಿವಿನಲ್ಲೇ, ವಾಶರ್ ಓಡುತ್ತಿರುವಾಗ ಗನ್ ತುದಿಯಿಂದ ಬಕೆಟ್‌ಗೆ ಹಿಡಿದು ಆಗಬೇಕು. ಶುರುವಿನಲ್ಲಿ ಒಮ್ಮೆ, ಮುಗಿಸುವ ಮುನ್ನ ಇನ್ನೊಮ್ಮೆ. ಎರಡನೆಯದೇ ನಿಜವಾದ ಅಂಕಿ.

ಪರಿಹಾರದ ಅರ್ಧ ಭಾಗಕ್ಕೆ ಏನೂ ಕೊಳ್ಳಬೇಕಾಗಿಲ್ಲ. ಮೊದಲ ನೀರು, ಶಾಂಪೂ, ನೊರೆ ಇಳಿಸುವುದು, ಚಕ್ರ, ಮಡ್‌ಗಾರ್ಡ್ ಒಳಭಾಗ ಎಲ್ಲವೂ ನಲ್ಲಿ ನೀರಿನಲ್ಲೇ ನಡೆಯಲಿ. ಡಿಐ ಬೇಕಾದದ್ದು ಕೊನೆಯ ನೀರಿಗೆ ಮಾತ್ರ. ನಾಜೂಕಾಗಿ ಹೊಡೆದರೆ ಸೆಡಾನ್‌ಗೆ 20ರಿಂದ 25 ಲೀಟರ್, ಪ್ರೆಶರ್ ವಾಶರ್‌ನಲ್ಲಾದರೆ 30ರಿಂದ 50. ನಡುವೆ ಮೂರು ದಾರಿಯ ವಾಲ್ವ್ ಒಂದನ್ನು ಹಾಕಿ ಬೈಪಾಸ್ ಮಾಡಿಕೊಂಡರೆ ಪೈಪು ಬಿಚ್ಚಿ ಹಾಕುವ ರಗಳೆಯೂ ಇರುವುದಿಲ್ಲ.

ಇನ್ನು ಗಾತ್ರ. 20 ಇಂಚಿನ ದಪ್ಪ ಹೌಸಿಂಗ್‌ನಲ್ಲಿ ಸುಮಾರು 4 ಲೀಟರ್ ರೆಸಿನ್ ಹಿಡಿಯುತ್ತದೆ. ನಿಮ್ಮ ನೀರಿಗೆ ಸುಮಾರು 200 ಲೀಟರ್ ಕೊಡುತ್ತದೆ, ಎಂಟು ಸಲಕ್ಕೆ ಸಾಕು. ಆದರೆ ಹರಿವು ನಿಮಿಷಕ್ಕೆ 3 ಲೀಟರ್ ಮೀರಬಾರದು, ಅಂದರೆ ವಾಶರ್ ಬಿಟ್ಟು ಬರೀ ಹೋಸ್. ವಾಶರೇ ಬೇಕೆಂದರೆ 10 ಲೀಟರ್ ರೆಸಿನ್ ಹಿಡಿಸುವ ಎತ್ತರದ ಫೈಬರ್ ಟ್ಯಾಂಕ್ ತನ್ನಿ. ಹರಿವೂ ಹೊಂದುತ್ತದೆ, 500 ಲೀಟರ್ ಆಸುಪಾಸು ನೀರೂ ಸಿಗುತ್ತದೆ. ಗಿಡ್ಡ ಅಗಲದ ಡಬ್ಬಿಗಿಂತ ಎತ್ತರದ ಸಪೂರ ಟ್ಯಾಂಕ್ ಯಾವತ್ತೂ ಮೇಲು. ಅಗಲದಲ್ಲಿ ನೀರು ತನಗೆ ಸುಲಭವಾದ ಒಂದು ಕಾಲುವೆ ಕೊರೆದುಕೊಂಡು ಹರಿದು, ಪಕ್ಕದ ರೆಸಿನ್ ಹೊಸದಾಗೇ ಉಳಿಯುತ್ತದೆ.

---

ಮೆದುನೀರು:

ಇಷ್ಟೆಲ್ಲ ಯಾಕೆ, ಸಾಫ್ಟ್‌ನರ್ ಹಾಕಿಸಿ. ಕಲೆ ಮಾಡುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಅವನ್ನು ತೆಗೆದರೆ ಮುಗಿಯಿತು. ಉಪ್ಪು ಸುರಿದರೆ ಸಾಫ್ಟ್‌ನರ್ ಮತ್ತೆ ಹೊಸದಾಗುತ್ತದೆ, ಡಿಐ ರೆಸಿನ್ ಹಾಗೆ ಎಸೆಯಬೇಕಿಲ್ಲ.

---

ಹನಿಲೆಕ್ಕ:

ಮೆದುನೀರು, ಸಾಫ್ಟ್‌ನರ್ ಅವನ್ನು *ತೆಗೆಯುವುದಿಲ್ಲ*, ಅವುಗಳ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ಒಂದು ಕ್ಯಾಲ್ಸಿಯಂ ಹೋದಲ್ಲಿ ಎರಡು ಸೋಡಿಯಂ. ಒಟ್ಟು ಟಿಡಿಎಸ್ ಕೂದಲೆಳೆಯಷ್ಟು ಹೆಚ್ಚಾಗುತ್ತದೆಯೇ ವಿನಾ ಇಳಿಯುವುದಿಲ್ಲ. 0.05 ಮಿಲಿಲೀಟರಿನ ಒಂದು ಹನಿ 420 ಪಿಪಿಎಂ ನೀರಿನದ್ದಾದರೆ, ಒಣಗಿದಾಗ 21 ಮೈಕ್ರೋಗ್ರಾಂ ಪುಡಿ ಬಿಟ್ಟುಹೋಗುತ್ತದೆ. ಸಾಫ್ಟ್‌ನರ್ ಆದಮೇಲೂ ಅಷ್ಟೇ.

ಆದರೆ ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ. ಸೋಡಿಯಂ ಲವಣಗಳು ನೀರಿನಲ್ಲಿ ಮತ್ತೆ ಕರಗುತ್ತವೆ, ಒದ್ದೆ ಬಟ್ಟೆಗೆ ಬರುತ್ತವೆ, ಸುಣ್ಣದಂತೆ ಗಟ್ಟಿ ಹಿಡಿಯುವುದಿಲ್ಲ. ಹೇಗಿದ್ದರೂ ಒರೆಸುವವರಿಗೆ ಸಾಫ್ಟ್‌ನರ್ ಒಳ್ಳೆಯದೇ. ಒರೆಸದೆ ಬಿಡಬೇಕು ಎನ್ನುವವರಿಗೆ ಅದು ಉತ್ತರವಲ್ಲ. ಡಿಐಗೆ ಮುಂಚೆ ಸಾಫ್ಟ್‌ನರ್ ಇಟ್ಟರೂ ರೆಸಿನ್ ಹೆಚ್ಚು ದಿನ ಬಾರದು, ಯಾಕೆಂದರೆ ಹಿಡಿಯಬೇಕಾದ ಅಯಾನುಗಳ ವಿದ್ಯುದಂಶ ಅಷ್ಟೇ ಇರುತ್ತದೆ. ಆರ್‌ಒ ಯಂತ್ರದೊಳಗಿನ ಲವಣ ತಡೆಯುವ ಪೊರೆಗೆ ಮುಂಚೆ ಇಟ್ಟರೆ ಮಾತ್ರ ಅರ್ಥವಿದೆ, ಪೊರೆಗೆ ಸುಣ್ಣ ಕಟ್ಟುವುದು ತಪ್ಪುತ್ತದೆ.

---

ಕೊನೆನೀರು:

ಹಿಡಿಯ ಕೆಳಗಿನ ಗೆರೆಯ ಬಗ್ಗೆ ಯಾರೂ ಹೇಳಲಿಲ್ಲ. ಅದು ರೆಸಿನ್‌ಗೆ ಸಂಬಂಧಿಸಿದ್ದೇ ಅಲ್ಲ. 0 ಪಿಪಿಎಂ ನೀರು ಹೊಡೆದರೂ ಆ ಗೆರೆ ಬೀಳುತ್ತದೆ.

ಕನ್ನಡಿಯ ಗೂಡು, ಬಾಗಿಲ ಹಿಡಿ, ಲೋಗೊ, ನಂಬರ್ ಪ್ಲೇಟಿನ ಹಿಂಭಾಗ, ಇಂಧನದ ಮುಚ್ಚಳ, ಕಿಟಕಿಯ ರಬ್ಬರ್, ಹಿಂದಿನ ದೀಪದ ಸಂದು, ಬೂಟ್ ಅಂಚು. ಇಲ್ಲೆಲ್ಲ ನಲ್ಲಿ ನೀರು ಅವಿತುಕೊಂಡಿರುತ್ತದೆ. ನೀವು ಚೊಕ್ಕವಾಗಿ ಡಿಐ ಹೊಡೆದು ಆಚೆ ಹೋದ ಹತ್ತು ನಿಮಿಷಕ್ಕೆ ಅದು ತೊಟ್ಟಿಕ್ಕಿ ಇಳಿದು, ಗೆರೆ ಎಳೆದು ಒಣಗುತ್ತದೆ. ಜನ "ಡಿಐ ಕೆಲಸ ಮಾಡಲ್ಲ" ಎನ್ನುವುದರಲ್ಲಿ ಮುಕ್ಕಾಲು ಪಾಲು ಇದೇ.

ಕ್ರಮ ಹೀಗಿರಲಿ. ಕಾರು ನೆರಳಿನಲ್ಲಿ, ಲೋಹ ಮುಟ್ಟಿದರೆ ತಣ್ಣಗಿರಬೇಕು. ಚಕ್ರಗಳನ್ನು ಮೊದಲೇ ಮುಗಿಸಿ, ಕೊನೆಗೆ ಚಕ್ರ ತೊಳೆದರೆ ನಲ್ಲಿ ನೀರು ಬಾಗಿಲಿಗೆ ಸಿಡಿಯುತ್ತದೆ. ಶಾಂಪೂ ನೊರೆಯನ್ನು ನಲ್ಲಿ ನೀರಿನಲ್ಲೇ ಪೂರ್ತಿ ಇಳಿಸಿ. ಶಾಂಪೂ ಉಳಿಕೆಯೂ ಕಲೆಯೇ, ಅದನ್ನು ತೆಗೆಯಲು ಡಿಐ ಸುರಿಯುವುದು ದಂಡ. ಆಮೇಲೆ ಗಾಳಿ ಊದುವ ಯಂತ್ರವಿದ್ದರೆ ಮೇಲಿನ ಸಂದುಗಳಿಗೆಲ್ಲ ಒಂದೊಂದು ಊದು. ಇಲ್ಲದಿದ್ದರೆ ಬಾಗಿಲು ತೆರೆದು ಮುಚ್ಚಿ, ಕನ್ನಡಿ ಮಡಚಿ ಬಿಚ್ಚಿ, ಬೂಟ್ ಎತ್ತಿ ಇಳಿಸಿ, ನೀರು ಹೊರಬೀಳಲಿ. ನಂತರ ಒಂದು ನಿಮಿಷ ಸುಮ್ಮನೆ ನಿಲ್ಲಿ. ನಲ್ಲಿ ನೀರು ಎಷ್ಟು ಇಳಿದುಹೋಗುತ್ತದೋ ಡಿಐ ಅಷ್ಟು ಕಡಿಮೆ ಸಾಕು. ಕೊನೆಯ ನೀರಿನ ಕೆಲಸ ತೊಳೆಯುವುದಲ್ಲ, ಮೈಮೇಲಿರುವ ನೀರನ್ನು ತಳ್ಳಿ ಆ ಜಾಗದಲ್ಲಿ ತಾನು ನಿಲ್ಲುವುದು.

ಆದರೆ ಆ ನಿಮಿಷ ಐದು ನಿಮಿಷವಾಗಬಾರದು. ನಲ್ಲಿ ನೀರು ಒಣಗಿದರೆ ಸುಣ್ಣ ಕೂತಾಯಿತು. ನೀರಿನಲ್ಲಿ ಕರಗಿದ್ದ ಬೈಕಾರ್ಬೊನೇಟ್ ಒಣಗುವಾಗ ಕರಗದ ಕಾರ್ಬೊನೇಟ್ ಆಗುತ್ತದೆ, ಅದರ ಮೇಲೆ ಎಷ್ಟು ಡಿಐ ಹರಿಸಿದರೂ ಹೋಗದು. ಬಿಸಿಲಲ್ಲಿ ತೊಳೆಯಲೇಬೇಕಾಗಿ ಬಂದರೆ ಅರ್ಧ ಅರ್ಧ ಕಾರಾಗಿ ಮುಗಿಸಿ.

ಡಿಐ ಶುರು ಮಾಡುವ ಮುನ್ನ ಗನ್ ಮತ್ತು ಪೈಪಿನಲ್ಲಿ ನಿಂತಿರುವ ನಲ್ಲಿ ನೀರನ್ನು ಬಕೆಟ್‌ಗೆ ಬಿಡಿ. 15 ಮೀಟರ್ ಉದ್ದದ ಅರ್ಧ ಇಂಚಿನ ಹೋಸ್‌ನಲ್ಲೇ ಸುಮಾರು 2 ಲೀಟರ್ ಇರುತ್ತದೆ. ಆಮೇಲೆ ಛಾವಣಿಯಿಂದ ಶುರು, ಗಾಜು, ಬಾನೆಟ್, ಬೂಟ್, ಪಕ್ಕಗಳು. ಜೋರಾದ ಧಾರೆ ಬೇಡ, ನಳಿಕೆ ತೆಗೆದು ತೆರೆದ ಹೋಸ್‌ನಿಂದ ಹಾಳೆಯಂತೆ ಇಳಿಯಬೇಕು. ಸಂದುಗಳಿಗೆ ಎರಡೆರಡು ಸಲ.

---

ಕರಿಬಾನೆಟ್:

ಲೆಕ್ಕ ಅರ್ಥವಾಯಿತು, ಸಂದಿನ ವಿಷಯವೂ. ಉಳಿದದ್ದು: ಆರ್‌ಒ ಬಗ್ಗೆ ಹೇಳಿ. ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿದಿಟ್ಟರೆ ಆಗುತ್ತದೆಯೇ? ಮತ್ತೆ, ಹಳೆಯ ಕಾರ್ಟ್ರಿಡ್ಜ್ ಬಿಚ್ಚಿದರೆ ಮೀನಿನ ವಾಸನೆ ಬರುತ್ತಿದೆ, ಅದೇನು?

---

ಪೊರೆಮನೆ:

ಆರ್‌ಒ ನಿಮಗೆ ಒಳ್ಳೆಯ ದಾರಿ. ಆದರೆ ಕುಡಿಯುವ ನಲ್ಲಿಯಿಂದ ಹಿಡಿಯಬೇಡಿ. ಬಹಳಷ್ಟು ಮನೆ ಯಂತ್ರಗಳಲ್ಲಿ ಪೊರೆ ದಾಟಿದ ಮೇಲೆ ಟಿಡಿಎಸ್ ಕಂಟ್ರೋಲರ್ ಎಂಬ ತಿರುಪು ಇರುತ್ತದೆ, ರುಚಿಗೆಂದು ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸುತ್ತದೆ. ಕೆಲವದರಲ್ಲಿ ಖನಿಜದ ಕಾರ್ಟ್ರಿಡ್ಜ್ ಕೂಡ. ಪೊರೆಯ ಹೌಸಿಂಗ್‌ನಿಂದ ಹೊರಬರುವ ಸಣ್ಣ ಕೊಳವೆಗೇ ಒಂದು ಟೀ (T ಆಕಾರದ ಜೋಡಣೆ) ಹಾಕಿ ಅಲ್ಲಿಂದ ತೆಗೆಯಿರಿ.

ಪೊರೆ ಸರಿಯಿದ್ದರೆ 95% ಲವಣ ತಡೆಯುತ್ತದೆ, 420 ಇದ್ದದ್ದು 21 ಆಗುತ್ತದೆ. ಬಿಳಿ, ಬೆಳ್ಳಿ ಬಣ್ಣದ ಕಾರಿಗೆ ಇಷ್ಟೇ ಸಾಕು, ಡಿಐ ಬೇಡವೇ ಬೇಡ. ಕಪ್ಪಿಗೆ ನಿಮ್ಮ ಹತ್ತಿರ ಇರುವ ಅದೇ 0.7 ಲೀಟರ್ ಕಾರ್ಟ್ರಿಡ್ಜನ್ನು ಆರ್‌ಒ ನಂತರ ಹಾಕಿ. 36 ಲೀಟರ್ ಕೊಡುತ್ತಿದ್ದದ್ದು ಕಾಗದದ ಮೇಲೆ 700 ದಾಟುತ್ತದೆ. ಕೈಗೆ ಅಷ್ಟು ಸಿಗುವುದಿಲ್ಲ, ಕರಗಿದ ಇಂಗಾಲದ ಡೈಆಕ್ಸೈಡ್ ಪೊರೆಯಲ್ಲಿ ನಿಲ್ಲದೆ ಹಾಯ್ದು ಬಂದು ರೆಸಿನ್ ತಿನ್ನುತ್ತದೆ, ಮೀಟರಿಗೂ ಸರಿಯಾಗಿ ಕಾಣದು. ಅದಕ್ಕೆ ಆರ್‌ಒ ನೀರನ್ನು ನೇರವಾಗಿ ರೆಸಿನ್‌ಗೆ ಬಿಡದೆ, ಡ್ರಮ್ಮಿಗೆ ಎತ್ತರದಿಂದ ಹನಿಹನಿಯಾಗಿ ಬೀಳಿಸಿ, ಧೂಳು ಬೀಳದಂತೆ ಬಟ್ಟೆ ಕಟ್ಟಿ ರಾತ್ರಿ ಬಿಡಿ. ಅನಿಲದ ಬಹುಪಾಲು ಹಾರಿಹೋಗುತ್ತದೆ. ಮಾರನೆಯ ದಿನ ಸಣ್ಣ ಪಂಪಿನಿಂದ ನಿಧಾನವಾಗಿ ಕಾರ್ಟ್ರಿಡ್ಜ್ ಮೂಲಕ ಇನ್ನೊಂದು ಕ್ಯಾನಿಗೆ ತುಂಬಿಕೊಳ್ಳಿ. ಇಲ್ಲಿ ವೇಗದ ತಕರಾರೇ ಇಲ್ಲ, ನಿಮಿಷಕ್ಕೆ ಅರ್ಧ ಲೀಟರ್ ಸಾಕು. ಮನೆ ಆರ್‌ಒ ಗಂಟೆಗೆ 10–15 ಲೀಟರ್ ಕೊಡುತ್ತದೆ, ಎರಡು ಗಂಟೆಯಲ್ಲಿ ಒಂದು ಸಲದ ನೀರು ಸಿದ್ಧ. ಹೊರಹೋಗುವ ತ್ಯಾಜ್ಯ ನೀರನ್ನು ಬಕೆಟ್‌ನಲ್ಲಿ ಹಿಡಿದರೆ ಚಕ್ರ ಮತ್ತು ಮಡ್‌ಗಾರ್ಡ್‌ಗಾಯಿತು.

ಹೊಡೆಯಲು 8 ಲೀಟರಿನ, ಕೈಯಲ್ಲಿ ಗಾಳಿ ತುಂಬುವ ಗಾರ್ಡನ್ ಸ್ಪ್ರೇಯರ್ ಸಾಕು. ಎರಡು ಮೂರು ಸಲ ತುಂಬಿದರೆ ಸೆಡಾನ್ ಮುಗಿಯುತ್ತದೆ. ನಳಿಕೆಯನ್ನು ಬೀಸಣಿಗೆ ಆಕಾರಕ್ಕೆ ತಿರುಗಿಸಿ. ಮಂಜಿನಂತೆ ಸಿಂಪಡಿಸಿದರೆ ಹನಿ ಹನಿಯಾಗಿ ಕೂರುತ್ತದೆ, ಹಳೆಯ ನೀರನ್ನು ತಳ್ಳುವುದಿಲ್ಲ. ಔಷಧ ಅಥವಾ ಗೊಬ್ಬರ ಹಾಕಿದ್ದ ಸ್ಪ್ರೇಯರ್ ಮಾತ್ರ ಬೇಡ.

ಎಸಿ ನೀರು: ಗಾಳಿಯ ತೇವ ಸಾಂದ್ರವಾದದ್ದು, ಲವಣ ಕಡಿಮೆಯೇ. ಆದರೆ ಕಾಯಿಲ್ ಮೇಲಿನ ಧೂಳು, ಪಾಚಿಯಂಥ ಲೋಳೆ ಅದರೊಳಗೆ ಸೇರಿರುತ್ತದೆ, ಮೀಟರ್ ಅದನ್ನು ಎಣಿಸುವುದಿಲ್ಲ. 5 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಡಿಐಗೆ ಹಾಯಿಸಿ ಬಳಸಿದರೆ ಅಡ್ಡಿಯಿಲ್ಲ. ವಾರಗಟ್ಟಲೆ ಡ್ರಮ್ಮಿನಲ್ಲಿ ಇಡಬೇಡಿ, ನಾರುತ್ತದೆ.

ಮೀನಿನ ವಾಸನೆ ಋಣ ಅಯಾನು ಹಿಡಿಯುವ ರೆಸಿನ್‌ನದ್ದು. ಅದು ಬಿಸಿಗೆ ಅಥವಾ ಕಾಲಕ್ರಮದಲ್ಲಿ ಕೆಟ್ಟಾಗ ಅಮೀನ್ ಎಂಬ ನಾರುವ ರಾಸಾಯನಿಕ ಬಿಡುತ್ತದೆ. ಹೊಸದರಲ್ಲೂ ಒಂದಿಷ್ಟು ಇರುವುದುಂಟು, ಮೊದಲ ಕೆಲವು ಲೀಟರ್ ಚೆಲ್ಲಿದರೆ ಹೋಗುತ್ತದೆ. ವಾಸನೆ ಜೋರಾಗಿದ್ದು ಟಿಡಿಎಸ್ಸೂ ಏರಿದ್ದರೆ ಬದಲಿಸಿ. ಟ್ಯಾಂಕನ್ನು ಬಿಸಿಲಿಗೆ ಇಡಬಾರದು. ಈ ರೆಸಿನ್‌ನ ಮಿತಿ 60 ಡಿಗ್ರಿ ಸೆಲ್ಸಿಯಸ್, ಕೆಲವು ಬಗೆಯದ್ದಕ್ಕೆ 40. ಒಣಗಲೂ ಬಿಡಬಾರದು, ಒಣಗಿದ ಮಣಿಗೆ ಒಮ್ಮೆಲೆ ನೀರು ತಾಗಿದರೆ ಉಬ್ಬಿ ಒಡೆಯುತ್ತದೆ.

---

ಹನಿಲೆಕ್ಕ:

ಪೊರೆಮನೆ ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ನಿಮ್ಮ ನೀರಿಗೆ ಕ್ಲೋರಿನ್ ಹಾಕುತ್ತೀರಾದರೆ ಪೊರೆಗೂ ರೆಸಿನ್‌ಗೂ ಮುಂಚೆ ಕಾರ್ಬನ್ ಫಿಲ್ಟರ್ ಇರಲೇಬೇಕು, ಕ್ಲೋರಿನ್ ಪೊರೆಯನ್ನೂ ಕೊರೆಯುತ್ತದೆ, ರೆಸಿನ್ ಮಣಿಯನ್ನೂ ಮೆತ್ತಗೆ ಮಾಡುತ್ತದೆ.

ಎರಡನೆಯದು ಸಿಲಿಕಾ, ಕೊಳವೆಬಾವಿಯವರ ತಲೆನೋವು. ಗಟ್ಟಿ ಕಲ್ಲಿನ ನೆಲದಿಂದ ಬರುವ ನೀರಿನಲ್ಲಿ ಇದು ಧಾರಾಳ. ಸಿಲಿಕಾ ನೀರಿನಲ್ಲಿ ಹೆಚ್ಚುಕಮ್ಮಿ ವಿದ್ಯುದಂಶ ಇಲ್ಲದೆ ಇರುವುದರಿಂದ ವಾಹಕತೆ ಅಳೆಯುವ ಟಿಡಿಎಸ್ ಮೀಟರಿಗೆ ಅದು ಇದೆಯೆಂಬುದೇ ತಿಳಿಯದು. ರೆಸಿನ್ ಅದನ್ನು ಸಡಿಲವಾಗಿ ಹಿಡಿದಿರುತ್ತದೆ. ಬಲವಾದ ಅಯಾನುಗಳು ಬಂದು ಜಾಗ ಕೇಳಿದಾಗ ಮೊದಲು ಹೊರಬೀಳುವುದೇ ಅದು, ಅದೂ ಒಳಬಂದದ್ದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ. ಅದಕ್ಕೇ ಮೀಟರ್ 50 ಪಿಪಿಎಂ ತೋರಿಸುವವರೆಗೆ ರೆಸಿನ್ ಓಡಿಸೋಣ ಎನ್ನುವವರ ಕಾರಿನ ಮೇಲೆ ಬೀಳುವ ಕಲೆ ವಿನೆಗರ್‌ಗೂ ಬಗ್ಗುವುದಿಲ್ಲ. ಕಪ್ಪು ಕಾರಿಗೆ 10 ದಾಟಿದ ಕೂಡಲೇ ನಿಲ್ಲಿಸಿ. ಮುಗಿಯುತ್ತಾ ಬಂದಂತೆ ಬಣ್ಣ ಬದಲಿಸುವ ರೆಸಿನ್ ನೋಡಲು ಚೆಂದ, ಸಿಲಿಕಾ ವಿಷಯದಲ್ಲಿ ಅದೂ ಕುರುಡೇ.

ಮೀಟರಿಗಿಂತ ಒಳ್ಳೆಯ ಪರೀಕ್ಷೆ ಕನ್ನಡಿ ಚೂರು. ಚೆನ್ನಾಗಿ ಒರೆಸಿದ ಕನ್ನಡಿ ಮೇಲೆ ಗನ್‌ನಿಂದ ಹಿಡಿದ ನೀರಿನ ಐದಾರು ಹನಿ ಬಿಟ್ಟು, ಮುಚ್ಚಳದಡಿ ಧೂಳು ಬೀಳದಂತೆ ಒಣಗಿಸಿ. ಓರೆಯಾಗಿ ಬೆಳಕು ಹಿಡಿದಾಗ ಉಂಗುರ ಕಂಡರೆ ಮೀಟರ್ ಏನೇ ಹೇಳಲಿ, ರೆಸಿನ್ ಮುಗಿದಿದೆ.

ರೆಸಿನ್ ಪೂರ್ತಿ ಹಿಂಡಿಕೊಳ್ಳಬೇಕೆಂದರೆ ಎರಡು ಟ್ಯಾಂಕ್ ಸಾಲಾಗಿ ಹಾಕಿ, ನಡುವೆ ಅಳೆಯಲು ಒಂದು ಸಣ್ಣ ನಲ್ಲಿ. ಮೊದಲನೆಯದು 200 ತೋರಿಸಿದರೂ ಎರಡನೆಯದು ಕಾಯುತ್ತದೆ. ಮೊದಲನೆಯದು ಪೂರ್ತಿ ಕೈಬಿಟ್ಟಾಗ ಅದನ್ನು ಖಾಲಿ ಮಾಡಿ ಹೊಸ ರೆಸಿನ್ ತುಂಬಿ ಎರಡನೇ ಜಾಗಕ್ಕೆ, ಎರಡನೆಯದನ್ನು ಮೊದಲಿಗೆ.

---

ಕೊನೆನೀರು:

ತುಂಬುವಾಗಿನ ತಪ್ಪೊಂದು ಬಹಳ ಕಾಣುತ್ತದೆ: ರೆಸಿನನ್ನು ಬಕೆಟ್ ನೀರಿನಲ್ಲಿ ಕದಡಿ ಸುರಿಯುವುದು. ಮಿಕ್ಸೆಡ್ ಬೆಡ್‌ನಲ್ಲಿರುವ ಎರಡು ಬಗೆಯ ಮಣಿಗಳ ತೂಕ ಬೇರೆ ಬೇರೆ. ನೀರಿನಲ್ಲಿ ಕದಡಿದರೆ ಹಗುರವಾದದ್ದು ಮೇಲೆ, ಭಾರವಾದದ್ದು ಕೆಳಗೆ ಕೂರುತ್ತದೆ, ಮಿಶ್ರಣವೇ ಹೋಯಿತು. ಚೀಲದಿಂದ ಬಂದ ತೇವದಲ್ಲೇ ಸುರಿಯಿರಿ. ಟ್ಯಾಂಕಿನ ತಳದಿಂದ ನೀರು ಮೇಲೆ ತರುವ ನಡುಕೊಳವೆಯ ಬಾಯಿಗೆ ಟೇಪ್ ಸುತ್ತಿ ತುಂಬಿ, ಟ್ಯಾಂಕನ್ನು ತಟ್ಟುತ್ತಾ ಮೇಲೆ ಖಾಲಿ ಜಾಗ ಉಳಿಯದಷ್ಟು ತುಂಬಿ, ಟೇಪ್ ತೆಗೆಯಲು ಮರೆಯಬೇಡಿ. ಟ್ಯಾಂಕಿನಲ್ಲಿ ನೀರು ಮೇಲಿನಿಂದ ಕೆಳಗೆ ಹರಿಯಬೇಕು. ಇನ್‌ಲೆಟ್, ಔಟ್‌ಲೆಟ್ ಅದಲುಬದಲಾದರೆ ರೆಸಿನ್ ರಾಶಿ ತೇಲಿ, ಮಣಿಗಳು ಬೇರೆಯಾಗಿ ಇದೇ ಕಥೆ. ಟ್ಯಾಂಕ್ ಮಲಗಿಸಿ ಸಾಗಿಸಿದರೆ ಮತ್ತೆ ನಿಲ್ಲಿಸಿ ತಟ್ಟಿ ಕೂರಿಸಿ.

ಕೈಗವಸು, ಕನ್ನಡಕ ಹಾಕಿಕೊಳ್ಳಿ, ಮಣಿಯ ಮೇಲೆ ಆಮ್ಲ ಮತ್ತು ಕ್ಷಾರ ಎರಡರ ಗುಣವೂ ಇರುತ್ತದೆ. ನೆಲಕ್ಕೆ ಚೆಲ್ಲಿದ್ದನ್ನು ತಕ್ಷಣ ಗುಡಿಸಿ, ಕಾಲಿಟ್ಟರೆ ಸಾಸಿವೆ ಮೇಲೆ ನಡೆದಂತೆ. ಮನೆಯಲ್ಲೇ ಹೈಡ್ರೋಕ್ಲೋರಿಕ್ ಆಮ್ಲ, ಕಾಸ್ಟಿಕ್ ಸೋಡಾ ಹಾಕಿ ರೆಸಿನ್‌ಗೆ ಮರುಜೀವ ಕೊಡುವ ಸಾಹಸ ಬೇಡ. ಮೊದಲು ಎರಡು ಬಗೆಯ ಮಣಿಗಳನ್ನು ಬೇರ್ಪಡಿಸಬೇಕು, ಆಮೇಲೆ ಒಂದಕ್ಕೆ ಆಮ್ಲ, ಇನ್ನೊಂದಕ್ಕೆ ಕ್ಷಾರ, ಮತ್ತೆ ತೊಳೆದು ಬೆರೆಸಬೇಕು. ಬೇರ್ಪಡಿಕೆ ಅರೆಬರೆಯಾದರೆ ಸೋರಿಕೆ ಖಚಿತ.

ಕೆಲಸ ಮುಗಿದ ಮೇಲೆ ನಲ್ಲಿ ಮುಚ್ಚಿ, ಗನ್ ಒತ್ತಿ ಒತ್ತಡ ಇಳಿಸಿ. ಫಿಲ್ಟರ್ ಹೌಸಿಂಗ್‌ಗಳು ಒಡೆಯುವುದು ಹೆಚ್ಚಾಗಿ ಯಾರೂ ಇಲ್ಲದಾಗ ನಿಂತ ಒತ್ತಡದಿಂದ.

---

ಕರಿಬಾನೆಟ್:

ಆರ್‌ಒ, ಡ್ರಮ್, ಸ್ಪ್ರೇಯರ್ ಇಟ್ಟುಕೊಳ್ಳುತ್ತೇನೆ. ಈಗಾಗಲೇ ಬಾನೆಟ್ ಮೇಲೆ ಕೂತಿರುವ ಉಂಗುರಗಳಿಗೆ?

---

ಪೊರೆಮನೆ:

ಅವನ್ನು ಮೊದಲು ತೆಗೆಯಿರಿ, ಇಲ್ಲದಿದ್ದರೆ ಹೊಸ ವ್ಯವಸ್ಥೆಯ ಮೇಲೆ ಸುಮ್ಮನೆ ಅನುಮಾನ ಬರುತ್ತದೆ. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ತಣ್ಣನೆಯ ಬಾನೆಟ್ ಮೇಲೆ ಅದ್ದಿದ ಮೈಕ್ರೋಫೈಬರ್ ಬಟ್ಟೆ ಹಾಸಿ, ಒಂದೆರಡು ನಿಮಿಷ. ಒಣಗಲು ಬಿಡದೆ ಎತ್ತಿ, ಉಜ್ಜದೆ ಒರೆಸಿ, ಶಾಂಪೂವಿನಲ್ಲಿ ತೊಳೆಯಿರಿ. ಸುಣ್ಣವಾಗಿದ್ದರೆ ಒಂದೆರಡು ಸಲಕ್ಕೆ ಹೋಗುತ್ತದೆ. ಕ್ರೋಮ್ ಇಲ್ಲದ ಬರಿ ಅಲ್ಯೂಮಿನಿಯಂ ಪಟ್ಟಿಗಳಿಗೆ ತಾಗಿಸಬೇಡಿ. ವ್ಯಾಕ್ಸ್ ಇದ್ದರೆ ಅದೂ ತೆಳುವಾಗುತ್ತದೆ, ಮತ್ತೆ ಹಚ್ಚಬೇಕು.

ಹೋಗದೆ ಉಳಿದದ್ದನ್ನು ಉಗುರಿನಿಂದ ಮೆಲ್ಲಗೆ ಸವರಿ ನೋಡಿ. ಉಬ್ಬಿದ್ದರೆ ಸಿಲಿಕಾ, ತಗ್ಗಾಗಿದ್ದರೆ ಬಣ್ಣದ ಮೇಲ್ಪದರವನ್ನೇ (ಕ್ಲಿಯರ್ ಕೋಟ್) ತಿಂದಿದೆ. ಎರಡಕ್ಕೂ ಪಾಲಿಶ್ ಬಿಟ್ಟು ಬೇರೆ ದಾರಿಯಿಲ್ಲ. ತಗ್ಗು ಆಳವಾಗಿದ್ದರೆ ಪೂರ್ತಿ ತೆಗೆಯುವ ಹಟ ಬೇಡ, ಕ್ಲಿಯರ್ ಕೋಟ್ ಸವೆದುಹೋಗುತ್ತದೆ.

ಬಣ್ಣದ ರಕ್ಷಣೆಗೆ ಕೋಟಿಂಗ್ ಹಚ್ಚಿದ ಮೇಲೆ ನೀರು ಗುಂಡಗೆ ಹನಿಗಟ್ಟಿ ನಿಲ್ಲುತ್ತದೆ. ಡಿಐ ನೀರಾದರೂ ಆ ಹನಿಗೆ ಗಾಳಿಯ ಧೂಳು ಅಂಟಿ ಒಣಗಿದರೆ ಮಬ್ಬು ಚುಕ್ಕೆ ಬೀಳುತ್ತದೆ. ಬೆರಳಿಗೆ ಪುಡಿಯಾಗಿ ಬಂದರೆ ಅದು ಧೂಳು, ಕಾರ್ಟ್ರಿಡ್ಜ್ ಬದಲಿಸಲು ಹೋಗಬೇಡಿ.